ಗುರುವಾರದ ಮೂರು ಸುತ್ತು

ಗ್ರೈಂಡರಿನಲ್ಲಿ ಉದ್ದು ಅರ್ಧ ನುಣ್ಣಗಾಗಿತ್ತು. ಸ್ವಿಚ್ ಆಫ್ ಮಾಡಿ, ಬದಿಗೆ ಅಂಟಿದ್ದನ್ನು ಬೆರಳಿನಲ್ಲಿ ಸವರುತ್ತಿದ್ದೆ. ಆಗ ಊರಿನಿಂದ ಫೋನ್ ಬಂತು.

"ಶೋಭಕ್ಕ, ಗಿರಿಜಕ್ಕ ಸ್ವಲ್ಪ ಸೀರಿಯಸ್."

ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದುಕೊಂಡು ಕೇಳಿದೆ, "ಎಷ್ಟು ಹೊತ್ತಿಗೆ?"

"ದೀಪ ಇಡುವ ಹೊತ್ತಿಗೆ," ಎಂದರು ಆ ಕಡೆಯಿಂದ ವಾರಿಜಕ್ಕ. ಗಿರಿಜಕ್ಕನ ನೆರೆಮನೆಯವರು.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಗಲ್ಫಿನಲ್ಲಿರುವವರಿಗೆ ಊರಿನಿಂದ "ಸ್ವಲ್ಪ ಸೀರಿಯಸ್, ಬೇಗ ಹೊರಟು ಬಾ" ಎಂದು ಫೋನ್ ಬಂದರೆ, ಜೀವ ಹೋಗಿಯಾಗಿದೆ ಎಂದೇ ಲೆಕ್ಕ. ನಿಜವಾಗಿ ಸೀರಿಯಸ್ ಆಗಿದ್ದರೆ "ಸ್ವಲ್ಪ ಹುಷಾರಿಲ್ಲ" ಎನ್ನುತ್ತಾರೆ. ಬರೀ ಹುಷಾರಿಲ್ಲದಿದ್ದರೆ ಏನೂ ಹೇಳುವುದೇ ಇಲ್ಲ. ಸಾವನ್ನು ನಾವು ಕಂತಿನಲ್ಲಿ ಕೊಡುವವರು. ವಿಮಾನದಲ್ಲಿ ಒಬ್ಬನೇ ನಾಲ್ಕು ಗಂಟೆ ಕೂರಬೇಕಲ್ಲ, ದಾರಿಯಲ್ಲಿ ಅವನಿಗೇನಾದರೂ ಆದರೆ? ಅದಕ್ಕೇ ಈ ಪದ್ಧತಿ. ತೀರಿಹೋದ ಸುದ್ದಿ ಅಂಗಳದಲ್ಲಿ ಸೇರಿದ ಜನರನ್ನು ನೋಡಿಯೇ ತಿಳಿಯಬೇಕು.

"ದಯಾನ ಫೋನ್ ಸ್ವಿಚ್ ಆಫ್," ಎಂದರು ವಾರಿಜಕ್ಕ. "ಗಿರಿಜಕ್ಕನ ಮೊಬೈಲಿನಿಂದಲೇ ಆಗಿನಿಂದ ಮಾಡ್ತಾ ಇದ್ದೇನೆ. ಮತ್ತೆ ಅದರಲ್ಲೇ ನಿಮ್ಮ ನಂಬರ್ ಸಿಕ್ಕಿತು. ಹೇಗಾದ್ರೂ ಇವತ್ತಿನ ವಿಮಾನಕ್ಕೆ ಹತ್ತಿಸಿ ಶೋಭಕ್ಕ. ಸೀರಿಯಸ್ ಅಂತ ಮಾತ್ರ ಹೇಳಿ. ಮತ್ತೆಂತದ್ದೂ ಹೇಳ್ಬೇಡಿ. ನಿಮ್ಮ ದಮ್ಮಯ್ಯ."

ದಯಾನಂದ ನಮ್ಮ ಸಂಬಂಧಿಕನಲ್ಲ. ಆದರೆ ದೋಹಾದಲ್ಲಿ ಹನ್ನೊಂದು ವರ್ಷದಿಂದ ನಮ್ಮ ಮನೆಯ ದೀಪಾವಳಿಗೆ ತಪ್ಪದೆ ಬಂದವನು. ನಮ್ಮವರಿಗೆ "ಅಣ್ಣ" ಎನ್ನುತ್ತಾನೆ, ನನಗೆ "ಅತ್ತಿಗೆ". ಟೈಲ್ಸ್ ಕಂಪೆನಿಯಲ್ಲಿ ಸ್ಟೋರ್ ಕೀಪರ್. ನಲವತ್ತು ದಾಟಿದೆ, ಮದುವೆಯಾಗಿಲ್ಲ. ಅವನಿಗೆ ಈ ಲೋಕದಲ್ಲಿ ಇದ್ದವರು ಅಕ್ಕ ಒಬ್ಬರೇ.

ಅವನಿಗೆ ಆರು ವರ್ಷವಿದ್ದಾಗ ತಾಯಿ ಹೋದರು. ತಂದೆಯನ್ನು ಅದಕ್ಕೂ ಮೊದಲೇ ಸಾರಾಯಿ ತಿಂದಿತ್ತು. ಹದಿನೇಳರ ಗಿರಿಜಕ್ಕ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂತವರು ಮತ್ತೆ ಏಳಲಿಲ್ಲ. ಬೀಡಿ ಕಟ್ಟಿಯೇ ತಮ್ಮನನ್ನು ಪಿಯುಸಿವರೆಗೆ ಓದಿಸಿದರು. ತನಗೆ ಬಂದ ಸಂಬಂಧಗಳನ್ನು "ಇವನನ್ನು ಯಾರು ನೋಡ್ಕೊಳ್ತಾರೆ" ಎಂದು ವಾಪಸ್ ಕಳಿಸಿದರು. ಖತಾರಿಗೆ ಹೊರಡುವ ಮೊದಲು ಅವನನ್ನು ದೈವದ ಗುಡಿಯ ಎದುರು ನಿಲ್ಲಿಸಿ, ಕುಡಿತ ಮುಟ್ಟುವುದಿಲ್ಲ ಎಂದು ಹೇಳಿಸಿಕೊಂಡಿದ್ದರು.

ಮುಟ್ಟಿದ. ಗುರುವಾರ ಮಾತ್ರ. (ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಗುರುವಾರ ಸಂಜೆ ಎಂದರೆ ಊರಿನ ಶನಿವಾರ ಸಂಜೆ ಇದ್ದ ಹಾಗೆ.) ಗುರುವಾರ ನಾಲ್ಕು ಗಂಟೆಗೇ ಫೋನ್ ಆಫ್ ಮಾಡುತ್ತಿದ್ದ. ಯಾಕೆ ಗೊತ್ತೇ? ಅಕ್ಕ ಫೋನ್ ಮಾಡಿದರೆ ಒಂದು "ಹಲೋ"ದಲ್ಲಿ ಅವರಿಗೆ ಗೊತ್ತಾಗಿಬಿಡುತ್ತದೆ. ಗುರುವಾರ ಓವರ್‌ಟೈಮ್, ಗೋಡೌನಿನೊಳಗೆ ಫೋನ್ ಬಿಡುವುದಿಲ್ಲ ಎಂದು ಅವರಿಗೆ ಹೇಳಿಟ್ಟಿದ್ದ. ಅಕ್ಕ ನಂಬಿದ್ದರು. ಅಥವಾ ನಂಬಿದ ಹಾಗೆ ಇದ್ದರು.

ಇನ್ನೊಂದು ವಿಷಯ. ಹೋದ ವರ್ಷ ಗಿರಿಜಕ್ಕನ ಮನೆಯ ಹತ್ತಿರ ಒಬ್ಬರು ತೀರಿಕೊಂಡಾಗ, ಗಲ್ಫಿನಲ್ಲಿದ್ದ ಮಗ ಬರಲಿ ಎಂದು ಮೂರು ದಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಗಿರಿಜಕ್ಕ ಅದನ್ನು ನೋಡಿ ಬಂದು ಎಲ್ಲರಿಗೂ ಹೇಳಿದ್ದರು, "ನನ್ನನ್ನು ಅದರಲ್ಲಿ ಹಾಕ್ಬೇಡಿ. ನಂಗೆ ಚಳಿ ಆಗಿಬರುವುದಿಲ್ಲ." ಹಾಗಾಗಿ ಮರುದಿನ ಮಧ್ಯಾಹ್ನದ ಒಳಗೆ ಬೆಂಕಿ ಕೊಡುವುದೆಂದು ಊರಿನವರು ತೀರ್ಮಾನಿಸಿಯಾಗಿತ್ತು. ಮಂಗಳೂರಿಗೆ ನೇರ ವಿಮಾನ ಆ ರಾತ್ರಿ ಹತ್ತಕ್ಕೆ. ಅದು ತಪ್ಪಿದರೆ ಮುಂಬೈ ಸುತ್ತಿ ಮರುದಿನ ಸಂಜೆ.

ಆ ಒಂದು ವಿಮಾನ. ಅದರಲ್ಲಿ ಅವನು ಕೂತರೆ ಅಕ್ಕನ ಮುಖ ನೋಡುತ್ತಾನೆ. ಕೂರದಿದ್ದರೆ ಇಲ್ಲ.

ಇವರಿಗೆ ಫೋನ್ ಮಾಡಿದೆ. ಇವರು ಅಲ್ ಶಮಾಲಿನ ಸೈಟಿನಲ್ಲಿದ್ದರು. ಅಂದರೆ ಉತ್ತರದ ತುದಿ. ಗುರುವಾರದ ಟ್ರಾಫಿಕ್‌ನಲ್ಲಿ ಎರಡು ಗಂಟೆ.

"ನಾನು ಈಗ ಹೊರಟೆ. ಟಿಕೆಟ್ ದಾರಿಯಲ್ಲಿ ಮಾಡಿಸ್ತೇನೆ," ಎಂದರು. "ಪಾಸ್‌ಪೋರ್ಟ್ ಅವನ ರೂಮಲ್ಲಿ ಉಂಟು, ಥುಮಾಮಾದಲ್ಲಿ, ಏರ್‌ಪೋರ್ಟ್ ಹತ್ರವೇ. ಎಂಟೂಮುಕ್ಕಾಲಿನ ಒಳಗೆ ಕೌಂಟರಿಗೆ ಮುಟ್ಟಿದ್ರೆ ಸಾಕು. ಆದ್ರೆ ಅವ ಈಗ ರೂಮಲ್ಲಿರುವುದಿಲ್ಲ. ಗುರುವಾರ ಅವನದ್ದು ಮೂರು ಸುತ್ತು."

"ಎಂತ ಮೂರು ಸುತ್ತು?"

"ಮೂರು ಹೋಟೆಲ್ ಮಾರಾಯ್ತಿ. ಮೂರೂ ಹಳೇ ಕಾಲದ ಪಬ್. ಒಂದರಲ್ಲಿ ಒಂದು ಗ್ಲಾಸ್, ಅಲ್ಲಿಂದ ನಡ್ಕೊಂಡು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಅವನೂ ಅವನ ಗೆಳೆಯರೂ ಅದಕ್ಕೆ ಪ್ರದಕ್ಷಿಣೆ ಅಂತಾರೆ."

ಮೂರರ ಹೆಸರನ್ನೂ ಅನುಕ್ರಮವಾಗಿ ಹೇಳಿದರು. ಎಲ್ಲವೂ ನಮ್ಮ ಮನೆಯಿರುವ ಮುಂತಜಾದಿಂದ ನಡೆದು ಹೋಗುವಷ್ಟೇ ದೂರ. (ಇವರಿಗೆ ಇಷ್ಟು ಸರಿಯಾಗಿ ಹೇಗೆ ಗೊತ್ತು ಎಂದು ನಾನು ಆಗ ಕೇಳಲಿಲ್ಲ. ಈಗಲೂ ಕೇಳಿಲ್ಲ.)

"ಫೋನ್ ಮಾಡಿ ವಿಚಾರಿಸಬಹುದಲ್ಲ?"

"ಮಾಡಿದೆ. ಗೆಸ್ಟ್‌ಗಳ ಹೆಸರು ಹೇಳುವುದಿಲ್ಲ ಅಂದ್ರು. ನೀನೇ ಹೋಗು. ಐಡಿ ತಕೊಂಡು ಹೋಗು, ಬಾಗಿಲಲ್ಲಿ ಕೇಳ್ತಾರೆ."

ನಾನು. ಗುರುವಾರ ಒಪ್ಪತ್ತು ಮಾಡುವವಳು. ಆರೂವರೆಗೆ ಭಜನೆಗೆ ಹೋಗಬೇಕಾದವಳು.

ಹತ್ತನೇ ಕ್ಲಾಸಿನ ಮಗಳು ನಿಧಿ, "ಅಮ್ಮ, ಲೊಕೇಶನ್ ಕಳ್ಸಿದ್ದೀನಿ, ಗೋ," ಎಂದಳು. ಉಟ್ಟ ಚೂಡಿದಾರದಲ್ಲೇ, ಮನೆಯ ಚಪ್ಪಲಿಯಲ್ಲೇ ಹೊರಟೆ. ಗ್ರೈಂಡರ್ ಹಾಗೆಯೇ ಬಿಟ್ಟಿದ್ದೆ.

ಈ ಅಂಕಣ ಓದುವ ನಿಮ್ಮಲ್ಲಿ ಕೆಲವರಿಗೆ ನನ್ನ ಅಭ್ಯಾಸ ಗೊತ್ತಿದೆ. ದಿನಕ್ಕೆ ಮೂರು ಉಪಕಾರ ಎಣಿಸುವುದು. ದೇವರು ಅಂದು ಮಾಡಿದ ಮೂರು ಸಣ್ಣ ಉಪಕಾರಗಳನ್ನು ದೀಪದ ಮುಂದೆ ಹೇಳಿಯೇ ಮಲಗುವುದು. ದಾರಿಯಲ್ಲೇ ಎಣಿಸತೊಡಗಿದೆ. ಒಂದು, ಇದು ಡಿಸೆಂಬರ್. ಜುಲೈ ಆಗಿದ್ದರೆ ಹೀಗೆ ನಡೆಯಲಾಗುತ್ತಿರಲಿಲ್ಲ. ಎರಡು, ವಿಮಾನ ಇವತ್ತೇ ಇದೆ, ಸೀಟೂ ಇದೆ ಎಂದು ಇವರ ಮೆಸೇಜ್ ಬಂತು. ಮೂರನೆಯದು ಅವನು ಸಿಗುವುದು. ಅದನ್ನು ಮುಂಗಡವಾಗಿ ಎಣಿಸಿಬಿಟ್ಟೆ. ಎಣಿಸಬಾರದಿತ್ತು.

ಮೊದಲ ಹೋಟೆಲಿನ ಪಬ್ ನೆಲಮಾಳಿಗೆಯಲ್ಲಿತ್ತು. ಬಾಗಿಲಲ್ಲಿ ಕೀನ್ಯಾದ ಸೆಕ್ಯುರಿಟಿ. ನನ್ನ ಹಣೆಯ ಕುಂಕುಮ ನೋಡಿದ, ಕಾಲು ನೋಡಿದ.

"ಮೇಡಂ, ಸ್ಲಿಪ್ಪರ್ಸ್ ನಾಟ್ ಅಲೋಡ್."

ಚಪ್ಪಲಿ ಹೊರಗೆ ಬಿಟ್ಟು ಹೋಗುವ ಜಾಗಗಳಷ್ಟೇ ನನಗೆ ಗೊತ್ತು. ಚಪ್ಪಲಿ ಸಾಲದು, ಶೂ ಬೇಕು ಎನ್ನುವ ಜಾಗಕ್ಕೆ ಇದೇ ಮೊದಲು. "ಎಮರ್ಜೆನ್ಸಿ," ಎಂದೆ. "ಫ್ಯಾಮಿಲಿ." ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಐಡಿ ಕಾರ್ಡ್ ಇಸಿದುಕೊಂಡು ಮೆಷಿನಿಗೆ ತೋರಿಸಿದ. ಕೀಂ ಎಂದಿತು. ಹದಿನಾರು ವರ್ಷದಿಂದ ಆ ಕಾರ್ಡಿನಲ್ಲಿ ನನ್ನ ಉದ್ಯೋಗ ಗೃಹಿಣಿ ಎಂದಿದೆ. ಅದು ಯಾವ ಪಟ್ಟಿಯಲ್ಲಿ ಸೇರಿತೋ ಆ ದೇವರಿಗೇ ಗೊತ್ತು.

ಒಳಗೆ ಏನು ಇರಬಹುದು ಎಂದುಕೊಂಡಿದ್ದೆ? ಕೆಂಪು ದೀಪ, ಕಿರುಚಾಟ, ಕುಣಿತ. ಇದ್ದದ್ದು ಬೇರೆಯೇ. ಕಪ್ಪು ಮರದ ಕಂಬಗಳು, ಮರದ ಬೆಂಚು, ಹಿತ್ತಾಳೆಯ ಪಟ್ಟಿ ಹೊಡೆದ ಪೀಪಾಯಿಗಳು. ಗೋಡೆಯ ಮೇಲೆ ಕುರಿಮಂದೆಯ ಚಿತ್ರ, ಕುದುರೆಯ ಲಾಳ, ಯಾವುದೋ ಹಳ್ಳಿಯ ಇಗರ್ಜಿ. ಯಾರದೋ ಊರನ್ನು ಬಿಚ್ಚಿ ತಂದು ಈ ಮರಳಿನ ಕೆಳಗೆ ಜೋಡಿಸಿಟ್ಟಂತೆ. ಆ ಊರಿನವರು ಎನ್ನಬಹುದಾದ ಬಿಳಿಯರು ಇಬ್ಬರೇ ಇದ್ದರು. ಉಳಿದವರೆಲ್ಲ ನಮ್ಮ ಕಡೆಯವರು, ಕೇರಳದವರು, ಫಿಲಿಪ್ಪೀನ್ಸಿನವರು. ಒಬ್ಬೊಬ್ಬರೇ, ಒಂದೊಂದು ಗ್ಲಾಸಿನ ಮುಂದೆ, ಟಿವಿಯ ಫುಟ್‌ಬಾಲ್ ನೋಡುತ್ತಾ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರ ಮುಖ ಇರುತ್ತದಲ್ಲ, ಹಾಗೆ.

ಇಷ್ಟಕ್ಕಾಗಿ ಈ ಗಂಡಸರು ಮನೆಯವರಿಗೆ ಸುಳ್ಳು ಹೇಳುವುದೇ? ನನಗೆ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಾಯಿತು.

ಟ್ರೇ ಹಿಡಿದಿದ್ದ ಹುಡುಗಿಗೆ ಮೊಬೈಲಿನಲ್ಲಿ ದಯಾನ ಫೋಟೋ ತೋರಿಸಿದೆ. ದೀಪಾವಳಿಗೆ ನಮ್ಮ ಮನೆಯಲ್ಲಿ ತೆಗೆದದ್ದು, ಕೈಯಲ್ಲಿ ಚಕ್ಕುಲಿ.

"ಮಿಸ್ಟರ್ ದಯಾ," ಎಂದು ಅವಳು ನಕ್ಕಳು. "ಹಿ ಗೋ ಆಲ್ರೆಡಿ, ಮ್ಯಾಮ್. ಟೆನ್ ಮಿನಿಟ್ಸ್. ನೆಕ್ಸ್ಟ್ ಹೋಟೆಲ್. ಯು ಆರ್ ಹಿಸ್ ಸಿಸ್ಟರ್? ಹಿ ಆಲ್ವೇಸ್ ಟಾಕ್ ಅಬೌಟ್ ಸಿಸ್ಟರ್."

ಹೌದು ಎಂದೆ. ಇನ್ನೇನು ಹೇಳಲಿ?

ಎರಡನೆಯದಕ್ಕೆ ಹದಿನೈದು ನಿಮಿಷದ ದಾರಿ. ರಸ್ತೆ ತುಂಬ ಕಾರು, ಎಲ್ಲರೂ ವಾರಾಂತ್ಯದ ಅವಸರದಲ್ಲಿ. ಕಫ್ತೇರಿಯಾಗಳ ಮುಂದೆ ಹಾರ್ನ್ ಹೊಡೆದು ಕಾರಿನಲ್ಲೇ ಕೂತು ಕರಕ್ ಚಹಾ ತರಿಸಿಕೊಳ್ಳುತ್ತಿದ್ದರು. ನಾನು ಬಾಯಲ್ಲಿ ನಾಮಸ್ಮರಣೆ, ಮನಸ್ಸಿನಲ್ಲಿ ಒಂದೇ ವಾಕ್ಯ. ಅಕ್ಕ ಸ್ವಲ್ಪ ಸೀರಿಯಸ್, ಹೊರಡು. ಅಕ್ಕ ಸ್ವಲ್ಪ ಸೀರಿಯಸ್, ಹೊರಡು.

ಅಲ್ಲಿ ಅವನು ಸಿಕ್ಕಿದ.

ಅದೂ ಅಂಥದೇ ಮರದ ಗುಹೆ. ಮೂಲೆಯ ಬೆಂಚಿನಲ್ಲಿ ಇಬ್ಬರು ಗೆಳೆಯರ ಜೊತೆ ಕೂತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ. ಗ್ಲಾಸನ್ನು ಮೆನು ಕಾರ್ಡಿನ ಹಿಂದೆ ಸರಿಸಿದ. ಪಾಪ, ಆ ಕಾರ್ಡು ಗ್ಲಾಸಿಗಿಂತ ಚಿಕ್ಕದು.

"ಅತ್ತಿಗೆ? ನೀವು ಇಲ್ಲಿ ಎಂತ?"

(ನಾವು ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.)

"ದಯಾ, ಊರಿನಿಂದ ಫೋನ್ ಬಂದಿತ್ತು. ಅಕ್ಕ ಸ್ವಲ್ಪ ಸೀರಿಯಸ್. ಹೊರಡು."

ಅವನಿಗೆ ಅರ್ಥವಾಯಿತು. ಅವನೂ ನಮ್ಮ ಊರಿನವನೇ ಅಲ್ಲವೇ. ಮುಖದ ಬಣ್ಣ ನನ್ನ ಕಣ್ಣೆದುರೇ ಇಳಿಯಿತು. ಗೆಳೆಯರಲ್ಲೊಬ್ಬ ಗ್ಲಾಸ್ ಕೆಳಗಿಟ್ಟ. ದಯಾ ಬೆಂಚಿನ ಮೇಲೆ ಕುಸಿದು, ಜೇಬಿನಿಂದ ಫೋನ್ ತೆಗೆದು ಆನ್ ಮಾಡಿದ.

ಫೋನ್ ಜೀವ ಹಿಡಿಯಲು ಒಂದು ನಿಮಿಷ ಬೇಕಾಯಿತು. ಆಮೇಲೆ ಟಿಂಗ್ ಟಿಂಗ್ ಎಂದು ಮೆಸೇಜುಗಳು ಬಂದವು. ಮಿಸ್ಡ್ ಕಾಲ್. ಅಕ್ಕ. ಮಿಸ್ಡ್ ಕಾಲ್. ಅಕ್ಕ. ಆರು ಸಲ. ಕೊನೆಯದು ಬಂದು ಇಪ್ಪತ್ತು ನಿಮಿಷವಾಗಿತ್ತು.

ಅವನ ಮುಖಕ್ಕೆ ರಕ್ತ ವಾಪಸ್ ಬಂದದ್ದನ್ನು ನಾನು ನೋಡಿದೆ. ಆ ಮುಖವನ್ನು ನಾನು ಸಾಯುವವರೆಗೆ ಮರೆಯಲಾರೆ.

"ನೋಡಿ," ಎಂದು ಫೋನನ್ನು ನನ್ನ ಕಡೆ ತಿರುಗಿಸಿದ. ನಗು ಬರುತ್ತಿತ್ತು ಅವನಿಗೆ. "ಸೀರಿಯಸ್ ಇದ್ದವರು ಆರು ಸಲ ಫೋನ್ ಮಾಡ್ತಾರಾ? ಅಬ್ಬ, ಜೀವ ಹಾರಿಸಿಬಿಟ್ರಿ ಅತ್ತಿಗೆ."

"ದಯಾ, ಅದು..."

"ನನ್ನ ಕುಡಿತ ಬಿಡಿಸ್ಲಿಕ್ಕೆ ನಮ್ಮ ಅಕ್ಕನನ್ನೇ ಸಾಯಿಸ್ತೀರಾ?"

ಗೆಳೆಯರು ನಕ್ಕರು. ಕೆಟ್ಟ ನಗುವಲ್ಲ, ನಿರಾಳವಾದವರ ನಗು. ಒಬ್ಬ, "ನಮ್ಮ ಮನೆಯಲ್ಲೂ ಇಂಥಾ ಒಬ್ರು ಅತ್ತಿಗೆ ಬೇಕಿತ್ತು," ಎಂದ. ಈ ಮೊದಲು ಎರಡು ಸಲ ನಾನು ದಯಾನಿಗೆ ಬುದ್ಧಿ ಹೇಳಿದ್ದೆ. ಒಮ್ಮೆ ನಮ್ಮ ದೇವರ ಮುಂದೆ ಕೂರಿಸಿ ಅಳಿಸಿದ್ದೆ ಕೂಡ. ಹಾಗಾಗಿ ಇದು ಮೂರನೆಯ ಸಲ ಎಂದು ಅವನು ತಿಳಿದುಕೊಂಡ. ತಿಳಿದುಕೊಳ್ಳದೆ ಇನ್ನೇನು?

ಆಗ ಹೇಳಬೇಕಿತ್ತು. ವಾರಿಜಕ್ಕ ಮಾಡಿದ ಕಾಲ್ ಅದು, ನಿನ್ನ ಅಕ್ಕ ಇಲ್ಲ. ಇಷ್ಟೇ ಮಾತು.

ನನ್ನ ಬಾಯಿ ತೆರೆಯಲಿಲ್ಲ. ಬೀಡಿ ಕಟ್ಟಿ ಸಾಕಿದ ಅಕ್ಕನ ಸಾವನ್ನು ಬಿಯರಿನ ಗ್ಲಾಸುಗಳ ನಡುವೆ ಇಡುವುದೇ? ಆ ಸುದ್ದಿ ಕೇಳಿದ ಜಾಗ ಎಂದು ಈ ಬೆಂಚು, ಈ ವಾಸನೆ, ಈ ಫುಟ್‌ಬಾಲ್ ಅವನ ಜೀವಮಾನವಿಡೀ ಉಳಿಯಬೇಕೇ? ಮೇಲಾಗಿ ವಾರಿಜಕ್ಕನ ದಮ್ಮಯ್ಯ. ಹೊರಗೆ ಕರೆದುಕೊಂಡು ಹೋದರೆ ಸಾಕು, ಅಲ್ಲಿ ನಿಧಾನವಾಗಿ ಹೇಳೋಣ ಎಂದುಕೊಂಡೆ. ಮಡಿ ನನ್ನದು. ಬೆಲೆ ತೆತ್ತವನು ಅವನು.

"ನೀನು ಒಮ್ಮೆ ಹೊರಗೆ ಬಾ. ಲಾಬಿಯಲ್ಲಿ ಕೂತಿರ್ತೇನೆ. ಐದು ನಿಮಿಷ."

"ಬರ್ತೇನೆ ಅತ್ತಿಗೆ. ಬಿಲ್ ಕೊಟ್ಟು ಬಂದೆ. ನೀವು ಇಲ್ಲಿ ನಿಲ್ಬೇಡಿ, ಚಂದ ಅಲ್ಲ."

"ಅಕ್ಕನಿಗೆ ಫೋನ್ ಮಾಡು ಬೇಕಾದ್ರೆ," ಎಂದೆ. ಅಷ್ಟು ಹೇಳಿದೆ. ವಾರಿಜಕ್ಕನಾದರೂ ಎತ್ತಿಕೊಂಡರೆ...

"ಈ ಸ್ವರದಲ್ಲಾ?" ಎಂದು ಗ್ಲಾಸಿನ ಕಡೆ ಕಣ್ಣು ಹಾಯಿಸಿದ. ಫೋನನ್ನು ಮತ್ತೆ ಆಫ್ ಮಾಡಿದ.

ಲಾಬಿಯಲ್ಲಿ ಕೂತೆ. ದೊಡ್ಡ ಹೂದಾನಿ, ಹೊಳೆಯುವ ನೆಲ, ಊದಿನ ಪರಿಮಳ. ಇವರಿಗೆ ಫೋನ್ ಮಾಡಿ, "ಸಿಕ್ಕಿದ, ಬರ್ತಾ ಇದ್ದಾನೆ," ಎಂದೆ. ಎಂಥ ಸಮಾಧಾನ. ಮೂರನೇ ಉಪಕಾರ ಎಂದುಕೊಂಡು ಕಣ್ಣುಮುಚ್ಚಿ ದೇವರ ಹನ್ನೆರಡು ಹೆಸರು ಹೇಳಿದೆ. ಐದು ನಿಮಿಷ ಹತ್ತಾಯಿತು, ಹತ್ತು ಇಪ್ಪತ್ತೈದಾಯಿತು. ಎದ್ದು ಒಳಗೆ ಹೋದರೆ ಬೆಂಚಿನಲ್ಲಿ ಗೆಳೆಯರಿಬ್ಬರೇ.

"ದಯಾ ಆಗ್ಲೇ ಹೋದ ಅಕ್ಕಾ. ಕಾರ್ ಪಾರ್ಕಿಂಗ್ ಬಾಗಿಲಿನಿಂದ. ನಿಮ್ಮ ಹತ್ರ ಬೈಸಿಕೊಳ್ಳಿಕ್ಕೆ ಧೈರ್ಯ ಇಲ್ಲ ಅಂದ."

ಅವರಿಗೆ ಹೇಳಿದೆ. ಆಗ ಸಲೀಸಾಗಿ ಬಂತು ಮಾತು. "ಅವನ ಅಕ್ಕ ತೀರಿಹೋಗಿದ್ದಾರೆ." ಪರಿಚಯವಿಲ್ಲದ ಇಬ್ಬರು ಗಂಡಸರಿಗೆ, ಅದೇ ಬೆಂಚಿನ ಎದುರು, ಅದೇ ಗ್ಲಾಸುಗಳ ನಡುವೆ. ಅವನಿಗೆ ಹೇಳಲಾಗದ್ದು ಇವರಿಗೆ ಹೇಗೆ ಹೇಳಿದೆ? ಒಬ್ಬ ಎದ್ದು ಮೂರನೇ ಹೋಟೆಲಿನ ಕಡೆ ಓಡಿದ. ಹಿಂದೆ ನಾನು, ಮನೆಯ ಚಪ್ಪಲಿಯಲ್ಲಿ.

ಮೂರನೆಯದರಲ್ಲಿ ಅವನು ಇರಲಿಲ್ಲ. ಬಂದೇ ಇಲ್ಲ ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಪ್ರದಕ್ಷಿಣೆ ಎರಡಕ್ಕೇ ನಿಂತಿತ್ತು.

ಏಳೂಮುಕ್ಕಾಲಿಗೆ ಇವರು ಕಾರು ತಂದರು. ಥುಮಾಮಾಕ್ಕೆ ಹೋದೆವು. ರೂಮಿಗೆ ಬೀಗ. ಪಕ್ಕದ ರೂಮಿನ ಮಲಯಾಳಿ, ಗುರುವಾರ ಒಂಬತ್ತರ ಮೊದಲು ದಯಾ ಬರುವುದಿಲ್ಲ ಎಂದ. ಎಂಟೂವರೆ. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತೆವು. ತಲೆಯ ಮೇಲೆ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಎಂಟೂಮುಕ್ಕಾಲು. ಇವರು ವಾಚ್ ನೋಡುವುದನ್ನು ನಿಲ್ಲಿಸಿದರು.

ಒಂಬತ್ತು ಗಂಟೆಗೆ ಅವನು ಬಂದ. ನೆಟ್ಟಗೆ ನಡೆದು ಬಂದ. ಬಾಯಲ್ಲಿ ಏಲಕ್ಕಿ. ನಮ್ಮನ್ನು ಮೆಟ್ಟಿಲ ಮೇಲೆ ಕಂಡು ನಾಚಿದ.

"ಬೈಬೇಡಿ ಅಣ್ಣ. ಮೂರನೇದಕ್ಕೆ ಹೋಗ್ಲೇ ಇಲ್ಲ. ಅಕ್ಕ ಆರು ಸಲ ಯಾಕೆ ಫೋನ್ ಮಾಡಿದ್ಲು ಅಂತ ತಲೆಬಿಸಿ ಆಯ್ತು. ಈ ಸ್ವರದಲ್ಲಿ ಮಾತಾಡ್ಲಿಕ್ಕೆ ಆಗುವುದಿಲ್ಲವಲ್ಲ. ಕೋರ್ನಿಶಿನಲ್ಲಿ ಸಮುದ್ರದ ಹತ್ರ ಎರಡು ಗಂಟೆ ಕೂತೆ. ಮೂರು ಕರಕ್ ಕುಡಿದೆ. ಈಗ ಸರಿಯಾಗಿದೆ ನೋಡಿ ಸ್ವರ. ಈಗ ಮಾಡ್ತೇನೆ."

ಫೋನ್ ಆನ್ ಮಾಡಲು ಹೊರಟವನ ಕೈಯನ್ನು ಇವರು ಹಿಡಿದುಕೊಂಡರು.

"ಗಿರಿಜಕ್ಕ ಹೋದ್ರು ಮಾರಾಯ. ಸಂಜೆಗೇ ಹೋದ್ರು. ಆ ಫೋನ್ ಮಾಡಿದ್ದು ವಾರಿಜಕ್ಕ."

ಅಷ್ಟೇ. ಒಂದು ಉಸಿರಿನಲ್ಲಿ ಮುಗಿಯಿತು. ಇಷ್ಟು ಚಿಕ್ಕದಾಗಿತ್ತು ಆ ಮಾತು.

ಅವನು ಅಳಲಿಲ್ಲ. ಇವರ ಕಡೆ ನೋಡಲೂ ಇಲ್ಲ. ನನ್ನ ಕಡೆ ತಿರುಗಿದ.

"ನಿಮಗೆ ಆಗ್ಲೇ ಗೊತ್ತಿತ್ತಾ ಅತ್ತಿಗೆ?"

"ಹೂಂ," ಎಂದೆ.

ತಲೆಯಾಡಿಸಿದ. ಬಯ್ಯಲಿಲ್ಲ. ಬೈದಿದ್ದರೆ ಅದನ್ನೇ ಒಂದು ಉಪಕಾರ ಎಂದು ಎಣಿಸುತ್ತಿದ್ದೆ.

ರಾತ್ರಿಯೇ ಅವನನ್ನು ನಮ್ಮ ಮನೆಗೆ ಕರೆತಂದೆವು. ಮುಂಬೈ ಮೂಲಕ ಹೋಗು ಎಂದು ಇವರು ಹೇಳಿದ್ದಕ್ಕೆ, "ಬೂದಿ ನೋಡ್ಲಿಕ್ಕಾ?" ಎಂದ. ಹದಿಮೂರನೇ ದಿನದ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಹೋಗುತ್ತಾನಂತೆ. ಒಂದು ದಿನ ಇಟ್ಟುಕೊಳ್ಳಲಿ ಎಂದು ಊರಿಗೆ ಹೇಳಿಸೋಣವೇ ಎಂದೂ ಇವರು ಕೇಳಿದರು. "ಬೇಡ. ಅವಳಿಗೆ ಚಳಿ ಆಗಿಬರುವುದಿಲ್ಲ," ಎಂದ.

ಶುಕ್ರವಾರ ಬೆಳಿಗ್ಗೆ ನಮ್ಮ ಹಾಲ್‌ನ ನೆಲದ ಮೇಲೆ ಕೂತು ಫೋನಿನಲ್ಲಿ ಎಲ್ಲ ನೋಡಿದ. ಅಲ್ಲಿ ಫೋನ್ ಹಿಡಿದವರು ವಾರಿಜಕ್ಕನ ಗಂಡ. ನಡುನಡುವೆ, "ದಯಾ, ಕಾಣ್ತದಾ?" ಎನ್ನುತ್ತಿದ್ದರು. "ಕಾಣ್ತದೆ," ಎನ್ನುತ್ತಿದ್ದ ಇವನು. "ನನ್ನ ಲೆಕ್ಕದಲ್ಲಿ ಬಾಯಿಗೆ ಒಂದು ಚಮಚ ನೀರು ಬಿಡಿ," ಎಂದ. ಬಿಟ್ಟರು. ಬೆಂಕಿ ಕೊಟ್ಟವನು ದೊಡ್ಡಪ್ಪನ ಮಗ. ಗಿರಿಜಕ್ಕನೊಂದಿಗೆ ಹದಿನೈದು ವರ್ಷದಿಂದ ಮಾತು ಬಿಟ್ಟಿದ್ದವನು.

ನಿಧಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಅವನು ತಲೆಗೆ ಸ್ನಾನ ಮಾಡಲು ಹೋದಾಗ ಮೆಲ್ಲಗೆ ಕೇಳಿದಳು. "ಅಮ್ಮ, ಡೈರೆಕ್ಟ್ ಆಗಿ ಯಾಕೆ ಹೇಳ್ಲಿಲ್ಲ? ಸೀರಿಯಸ್ ಅಂದ್ರೆ ಹಾಸ್ಪಿಟಲ್ ಅಲ್ವಾ? ಅಂಕಲ್‌ಗೆ ಹೇಗೆ ಗೊತ್ತಾಗ್ಬೇಕು?"

ಅವಳ ಕನ್ನಡ ಅಷ್ಟಕ್ಕಷ್ಟೇ. ಹಬ್ಬಗಳ ಹೆಸರೂ ಸರಿಯಾಗಿ ಬಾರದು. ಇಂಗ್ಲಿಷ್ ಶಾಲೆಯ ಮಕ್ಕಳು ನಮ್ಮ ಪದ್ಧತಿಗಳನ್ನೆಲ್ಲ ಕಳೆದುಕೊಳ್ಳುತ್ತಿದ್ದಾರೆ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಗೋಳಾಡಿದ್ದೇನೆ. ಈ ಪದ್ಧತಿಯನ್ನು ಅವಳು ಕಳೆದುಕೊಂಡಿದ್ದಾಳೆ.

ದೂರದಲ್ಲಿರುವವರನ್ನು ಕಾಪಾಡಲು ನಾವು ಸುಳ್ಳು ಹೇಳುತ್ತೇವೆ, ಊರಿನಲ್ಲಿರುವವರನ್ನು ಕಾಪಾಡಲು ದೂರದವರು ಸುಳ್ಳು ಹೇಳುತ್ತಾರೆ. ಆ ಗುರುವಾರ ಅಕ್ಕನ ಎದುರಿನ ಸುಳ್ಳು ಮುರಿಯಬಾರದೆಂದು ಅವನು ಫೋನ್ ಆಫ್ ಮಾಡಿದ. ಅವನ ಎದುರಿನ ಸುಳ್ಳು ಮುರಿಯಬಾರದೆಂದು ನಾನು ಬಾಯಿ ಮುಚ್ಚಿದೆ. ಇಬ್ಬರದ್ದೂ ಪ್ರೀತಿಯೇ. ಅದರಿಂದ ಯಾರಿಗೆ ಏನು ಸಿಕ್ಕಿತು? ದೇವರ ಮುಂದೆ ಎರಡು ರಾತ್ರಿ ದೀಪ ಹಚ್ಚಿ ಕೂತೆ. ಡಿಸೆಂಬರ್ ಎಂಬುದೊಂದು ಬಿಟ್ಟು ಬೇರೆ ಉಪಕಾರ ನನಗೆ ಹೊಳೆಯಲಿಲ್ಲ. ಅದನ್ನೂ ಅವನು ಎರಡು ಗಂಟೆ ಸಮುದ್ರದ ಗಾಳಿಯಲ್ಲಿ ಕೂರಲು ಬಳಸಿಕೊಂಡ.

ಸ್ನಾನ ಮುಗಿಸಿ ಬಂದವನಿಗೆ ಗಂಜಿ ಬಡಿಸಿದೆ. ಎರಡು ತುತ್ತು ಇಳಿದಿರಬೇಕು. ಆಗ ಟೀಪಾಯಿಯ ಮೇಲಿದ್ದ ಅವನ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ಹೆಸರು, ಅಕ್ಕ.

ವಾರಿಜಕ್ಕನೇ ಇರಬೇಕು, ಬೊಜ್ಜದ ವಿಷಯಕ್ಕೆ. ಅವನಿಗೂ ಅದು ಗೊತ್ತು. ಆದರೂ ಎಂಜಲು ಕೈಯನ್ನು ಅಂಗಿಗೆ ಒರೆಸಿಕೊಂಡು, ಮೊದಲ ರಿಂಗ್ ಮುಗಿಯುವ ಮೊದಲೇ ಎತ್ತಿಕೊಂಡ. ಗಂಟಲು ಸರಿಮಾಡಿಕೊಂಡು, ತುಂಬ ಶುದ್ಧವಾದ ಸ್ವರದಲ್ಲಿ "ಹಲೋ" ಎಂದ.

ನಾನು ಅಡುಗೆಮನೆಗೆ ಹೋದೆ. ಗುರುವಾರ ಬಿಟ್ಟು ಹೋಗಿದ್ದ ಗ್ರೈಂಡರ್ ಹಾಗೆಯೇ ಇತ್ತು. ಉದ್ದಿನ ಹಿಟ್ಟು ಹುಳಿಬಂದು ಉಕ್ಕಿ, ಕಲ್ಲಿನ ಸುತ್ತ ಒಣಗಿ, ಸಿಮೆಂಟಿನ ಹಾಗೆ ಹಿಡಿದುಕೊಂಡಿತ್ತು. ನೀರು ಬಿಟ್ಟು, ಉಗುರು ಹಾಕಿ ಕೆರೆಯುತ್ತಾ ಕೂತೆ.

ಒಂದು ಲೋಟ ನೀರು ಆಗಲೇ ಹಾಕಿ ಹೋಗಿದ್ದರೆ ಇಷ್ಟು ಕೆರೆಯಬೇಕಿತ್ತೇ?